ಸೊನ್ನೆಯ ಗೆರೆ ದಾಟಿದ ಲಾರಿ

ಎಲ್ಲಿಂದ ಶುರು ಮಾಡಲಿ? ಗುದ್ದಿದ ಕ್ಷಣದಿಂದ ಶುರು ಮಾಡಿದರೆ ನೀವು ಬಿಡದೆ ಓದುತ್ತೀರಿ. ಫಿಸಿಕ್ಸ್ ಕ್ಲಾಸಿನಿಂದ ಶುರು ಮಾಡಿದರೆ ಪುಟ ಮಗುಚುತ್ತೀರಿ. ಆದರೂ ಕ್ಲಾಸಿನಿಂದಲೇ ಶುರು. ಮಗುಚುವವರು ಮಗುಚಿ.

೧.

೧೯೯೧. ದೊಡ್ಡಬಳ್ಳಾಪುರದ ಒಂದು ಪಿಯು ಕಾಲೇಜು. ಅಲ್ಲಿ ನಾನು, ಯೋಗಾನಂದ, ಟೆಂಪರರಿ ಲೆಕ್ಚರರ್. ಬೋರ್ಡಿನ ಮೇಲೆ ವೇಗದ ಗ್ರಾಫ್ ಬರೆದೆ. ಅಡ್ಡಕ್ಕೆ ಸಮಯ, ಉದ್ದಕ್ಕೆ ವೇಗ, ನಡುವೆ ಸೊನ್ನೆಯ ಗೆರೆ. ಎದುರುಬದುರು ಬರುವ ಎರಡು ಗಾಡಿಗಳಲ್ಲಿ ಒಂದರದ್ದು ಗೆರೆಯ ಮೇಲೆ, ಇನ್ನೊಂದರದ್ದು ಕೆಳಗೆ.

"ಸಾರ್, ವೇಗ ಸೊನ್ನೆಗಿಂತ ಕಮ್ಮಿ ಹೆಂಗಾಗುತ್ತೆ?" ಎಂದು ಬನಶಂಕರಿ ಕೇಳಿದಳು. ಮಗ್ಗದವರ ಮನೆಯ ಹುಡುಗಿ.

"ಕಮ್ಮಿ ಅಲ್ಲಮ್ಮ, ಆ ಕಡೆಗೆ ಅಂತ ಅರ್ಥ. ಬರ್ಕೋ, ಪರೀಕ್ಷೆಗೆ ಬರುತ್ತೆ."

(ಇಲ್ಲಿ ನಾನು ನಿಮ್ಮ ಕಣ್ಣಿಗೆ ಒಳ್ಳೆ ಮೇಷ್ಟ್ರಂತೆ ಕಾಣುತ್ತಿದ್ದೇನೆ. ಸ್ವಲ್ಪ ತಾಳಿ.)

೨.

ಬನಶಂಕರಿಯ ಅಪ್ಪ ಕೋದಂಡರಾಮಯ್ಯ ಸೀರೆ ಬಂಡಲ್‌ಗಳನ್ನು ಟೆಂಪೊದಲ್ಲಿ ನೆಲಮಂಗಲಕ್ಕೆ ಹೊಡೆಯುತ್ತಿದ್ದರು. ಒಂದು ಬೆಳಗ್ಗೆ, ಕೆರೆ ಏರಿಯ ಕಿರಿದಾದ ರಸ್ತೆಯಲ್ಲಿ, ಎದುರಿಗಿದ್ದ ಜಲ್ಲಿ ಲಾರಿಗೂ ಅವರ ಟೆಂಪೊಗೂ ಮುಖಾಮುಖಿ ಡಿಕ್ಕಿ ಆಯಿತು. ಭುಜದ ಮೂಳೆ ಮುರಿದು ಕೋದಂಡರಾಮಯ್ಯ ಆಸ್ಪತ್ರೆ ಸೇರಿದರು. ಲಾರಿಯ ಮಾಲೀಕ ಆದಿನಾರಾಯಣಪ್ಪ ಮಧ್ಯಾಹ್ನದೊಳಗೆ ಸ್ಟೇಷನ್ನಿನಲ್ಲಿ ಹೇಳಿಕೆ ಕೊಟ್ಟ: "ನಮ್ ಲಾರಿ ನಿಂತಿತ್ತು. ಡ್ರೈವರ್ ಒಂದಕ್ಕೆ ಇಳಿದಿದ್ದ. ಟೆಂಪೊದವನು ತೂಕಡಿಸ್ಕೊಂಡು ಬಂದು ಗುದ್ದಿದ."

ಕಂಡವರಿಲ್ಲ. ಲೈಸೆನ್ಸ್ ಸ್ಟೇಷನ್ನಿನ ಬೀರು ಸೇರಿತು. ಕೇಸು ಕೋದಂಡರಾಮಯ್ಯನವರ ತಲೆಗೆ ಬೀಳುವುದು ಖಾತ್ರಿಯಾಯಿತು.

ಮೂರನೇ ದಿನ ಬನಶಂಕರಿ ನಮ್ಮ ಮನೆಗೆ ಬಂದಳು. ಕೈಯಲ್ಲಿ ಗ್ರಾಫ್ ಶೀಟು.

"ಸಾರ್, ಏರಿಗೆ ಹೋಗಿ ನೋಡ್ಕೊಂಡ್ ಬಂದೆ. ಗಾಜು ಬಿದ್ದಿರೋದು ಒಂದು ಕಡೆ. ಅಲ್ಲಿಂದ ಹದಿನೈದು ಹೆಜ್ಜೆ ದೊಡ್ಡಬಳ್ಳಾಪುರದ ಕಡೆಗೆ ಟೈರು ಉಜ್ಜಿರೋ ಗುರುತು. ಟೆಂಪೊ ಮೂತಿ ಲಾರಿಗೆ ಸಿಕ್ಹಾಕ್ಕೊಂಡು, ಎರಡೂ ಒಟ್ಟಿಗೆ ಹಿಂದಕ್ಕೆ ಬಂದವೆ. ಅಪ್ಪ ಬಂದ ದಾರಿಗೇ ವಾಪಸ್."

ನಾನು ಶೀಟು ನೋಡಿದೆ. ಟೆಂಪೊದ ಗೆರೆ ಸೊನ್ನೆಗಿಂತ ಮೇಲೆ. ಲಾರಿ ನಿಂತಿದ್ದರೆ ಅದರ ಗೆರೆ ಸೊನ್ನೆಯಲ್ಲೇ ಮಲಗಿರಬೇಕು. ಅಂಟಿಕೊಂಡ ಮೇಲೆ ಎರಡಕ್ಕೂ ಒಂದೇ ಗೆರೆ. ಗುದ್ದುವ ಮುಂಚೆ ಇದ್ದ ಒಟ್ಟು ಸಂವೇಗ, ಅಂದರೆ ತೂಕ ಗುಣಿಸು ವೇಗ, ಗುದ್ದಿದ ಮೇಲೂ ಅಷ್ಟೇ, ಅದೇ ದಿಕ್ಕಿಗೆ. ಆದರೆ ಅವಳ ಕೊನೆಯ ಗೆರೆ ಸೊನ್ನೆಯ ಕೆಳಗಿತ್ತು. ಲಾರಿ ಓಡುತ್ತಿರದಿದ್ದರೆ ಅದು ಕೆಳಗಿಳಿಯಲು ಸಾಧ್ಯವೇ ಇಲ್ಲ.

"ಸರಿಯಾಗಿದ್ಯಾ ಸಾರ್?"

"ಸರಿಯಾಗಿದೆ."

"ಸ್ಟೇಷನ್‌ಗೆ ಬಂದು ಹೇಳ್ತೀರಾ?"

೩. (ಮೊದಲ ಡ್ರಾಫ್ಟ್)

ನಾನು ಷರ್ಟು ಸಿಕ್ಕಿಸಿಕೊಂಡು ಹೊರಟೆ. ಸಬ್‌ಇನ್ಸ್‌ಪೆಕ್ಟರ್ ಮುಂದೆ ಚಾಕ್‌ಪೀಸ್ ಹಿಡಿದು...

"ಸಾರ್, ನೀವು ಬರ್ಲೇ ಇಲ್ಲ."

ಇದು ಬನಶಂಕರಿ. ನನ್ನ ನೆನಪಿನಲ್ಲಿ ಹದಿನೇಳರ ವಯಸ್ಸಿನಲ್ಲೇ ನಿಂತುಬಿಟ್ಟವಳು, ಬರೆಯುವಾಗಲೆಲ್ಲ ಎದುರಿಗೆ ಬಂದು ಕೂರುತ್ತಾಳೆ.

"ಕಥೆ ಕಣಮ್ಮ ಇದು. ಸ್ವಲ್ಪ ಅಡ್ಜಸ್ಟ್ ಮಾಡ್ಕೋ."

"ಅಡ್ಜಸ್ಟ್ ಮಾಡ್ಕೊಂಡಿದ್ರೆ ನಮ್ಮಪ್ಪ ಜೈಲಲ್ಲಿ ಇರೋರು. ಇದ್ದಿದ್ದು ಬರೀರಿ."

೩. (ಇದ್ದದ್ದು)

ಆದಿನಾರಾಯಣಪ್ಪ ನಮ್ಮ ಕಾಲೇಜು ಕಮಿಟಿ ಮೆಂಬರ್. "ನಾಳೆ ನೋಡೋಣಮ್ಮ" ಅಂದೆ. ಅವಳು ಶೀಟು ಮಡಚಿಕೊಂಡು ಒಬ್ಬಳೇ ಹೋದಳು. ನಾನು ಹಿಂದೆಯೇ ಹೋಗಿ, ಸ್ಟೇಷನ್ ಕಿಟಕಿಯ ಹೊರಗೆ ಬೇವಿನ ಮರದ ಹತ್ತಿರ, ಯಾರಿಗೋ ಕಾಯುತ್ತಿರುವವನ ಹಾಗೆ ನಿಂತೆ. ಅಷ್ಟೇ ನನ್ನ ಶೌರ್ಯ.

"ಏನಮ್ಮಾ ಇದು, ಇಸಿಜಿನಾ?" ಎಂದ ಸಬ್‌ಇನ್ಸ್‌ಪೆಕ್ಟರ್.

ಆದಿನಾರಾಯಣಪ್ಪನೂ ಅಲ್ಲೇ ಕೂತಿದ್ದ. "ಮಗಾ, ಇದೆಲ್ಲ ಪರೀಕ್ಷೇಲಿ ಬರಿ. ಮನೆಗ್ ಹೋಗು."

"ಹೋಗಲ್ಲ. ಸಾರ್, ನಿಂತಿರೋ ಎಮ್ಮೆಗೆ ನೀವು ಸೈಕಲ್‌ನಲ್ಲಿ ಹೋಗಿ ಗುದ್ದಿದ್ರಿ ಅಂದ್ಕೊಳ್ಳಿ. ಸೈಕಲ್ಲು ಎಮ್ಮೆಗೆ ತಗಲಾಕ್ಕೊಂತು. ಆಮೇಲೆ ಎಮ್ಮೆ ಸೈಕಲ್ ಎರಡೂ ನಿಮ್ಮನೆ ಕಡೆಗೇ ಉರುಳ್ಕೊಂಡ್ ಬರ್ತವಾ?"

ಪೇದೆ ನಕ್ಕ. ಸಬ್‌ಇನ್ಸ್‌ಪೆಕ್ಟರ್ ನಗಲಿಲ್ಲ. "ಎಮ್ಮೆ ತಾನೇ ನಡೆದ್ರೆ ಬರುತ್ತೆ" ಅಂದ, ನಿಧಾನವಾಗಿ.

"ಅದನ್ನೇ ಹೇಳ್ತಿರೋದು."

"ಹ್ಯಾಂಡ್‌ಬ್ರೇಕ್ ಬಿಟ್ಹೋಗಿ ಉರುಳಿರ್ಬೋದು" ಎಂದ ಆದಿನಾರಾಯಣಪ್ಪ.

"ರೋಡು ಮಟ್ಟಸ. ನಿಂಬೆಹಣ್ಣು ಇಟ್ಟು ನೋಡಿದೀನಿ, ಉರುಳಲಿಲ್ಲ. ಈಗ್ಲೇ ಬನ್ನಿ, ನಿಮ್ಮ ಕೈಯಲ್ಲೇ ಇಡಿ. ಬರೋವರೆಗೂ ನಾನು ಇಲ್ಲಿಂದ ಏಳಲ್ಲ."

ಎರಡು ಗಂಟೆ ಅವಳು ಏಳಲಿಲ್ಲ. ಕೊನೆಗೆ ಜೀಪು ಹೊರಟಿತು. ಗಾಜು, ಗುರುತು, ದಿಕ್ಕು, ಎಲ್ಲ ಅಳೆದು ಮಹಜರು ಬರೆದರು: ಲಾರಿ ಚಲಿಸುತ್ತಿತ್ತು. ಕೇಸು ತಿರುಗಿ ಲಾರಿ ಡ್ರೈವರ್ ಮೇಲೆ ಬಿತ್ತು. ಕೋದಂಡರಾಮಯ್ಯನವರಿಗೆ ಲೈಸೆನ್ಸ್ ವಾಪಸ್ ಸಿಕ್ಕಿತು. ಎಡಗೈ ಮಾತ್ರ ಪೂರ್ತಿ ಮೇಲೆ ಏಳಲಿಲ್ಲ.

೪.

ಮುಗಿಸೋದು ಹೇಗೆ? (ಅ) ಬನಶಂಕರಿ ದೊಡ್ಡ ವಿಜ್ಞಾನಿ ಆದಳು. (ಆ) ಮದುವೆಯಾಗಿ ಸೂಲಿಬೆಲೆಗೆ ಹೋದಳು.

"ನಾನ್ ಏನಾದೆ ಅನ್ನೋದು ಬಿಡಿ ಸಾರ್. ನೀವು ಏನ್ ಮಾಡಿದ್ರಿ, ಅದನ್ನ ಬರೀರಿ."

ಬರೆಯುತ್ತೇನೆ. ಎರಡು ವರ್ಷದ ಮೇಲೆ ಕೋರ್ಟಿನಲ್ಲಿ ವಿಚಾರಣೆ ಬಂತು. ಲಾರಿ ಡ್ರೈವರ್ ಪರ ವಕೀಲರು ನನ್ನನ್ನೇ ಸಾಕ್ಷಿಗೆ ಕರೆಸಿದರು. "ಕಮಿಟಿಯವರ ಮಾತು ಉಳಿಸಿ ಮೇಷ್ಟ್ರೇ" ಎಂದು ಆದಿನಾರಾಯಣಪ್ಪ ಹಿಂದಿನ ದಿನವೇ ಹೇಳಿ ಕಳಿಸಿದ್ದ. ವಕೀಲರು ಆ ಶೀಟು ಎತ್ತಿ ಹಿಡಿದರು.

"ಇದು ಪಿಯುಸಿ ಹುಡುಗಿ ಗೀಚಿರೋದು. ತಪ್ಪು ತಾನೇ?"

ಹಿಂದಿನ ಬೆಂಚಿನಲ್ಲಿ ಅವಳು ಕೂತಿದ್ದು ಕಾಣುತ್ತಿತ್ತು.

"ಸರಿಯಾಗಿದೆ. ನಾನೇ ಕಲಿಸಿದ್ದು. ನನಗಿಂತ ಚೆನ್ನಾಗಿ ಅರ್ಥ ಮಾಡ್ಕೊಂಡಿದಾಳೆ."

ಜೂನ್‌ನಲ್ಲಿ ಕಾಲೇಜು ನನ್ನನ್ನು ಮತ್ತೆ ಕರೆಯಲಿಲ್ಲ. ಕರೆಯಬೇಡಿ, ಹೋಗಿ.

ಸಾಕ್ಷಿ ಹೇಳಿದ ದಿನ ಕೋರ್ಟಿನ ಹೊರಗೆ ಅವಳು ಸಿಕ್ಕಿದ್ದಳು. "ತಡ ಆಯ್ತು ಸಾರ್" ಅಂದಳು.

"ಬಂದ್ನಲ್ಲಮ್ಮ" ಅಂದೆ.

ಅವಳು ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಬಸ್ಸು ಬಂತು. ಫುಟ್‌ಬೋರ್ಡಿನ ಮೇಲೆ ನಿಂತು, ಕಂಬಿ ಹಿಡಿದು, ನನ್ನ ಕಡೆ ತಿರುಗಿ ಹೇಳಿದಳು. ಹಾರ್ನಿನಲ್ಲಿ ನನಗೆ ಕೇಳಿಸಲಿಲ್ಲ. ಈಗ ಎದುರಿಗೇ ಕೂತಿದ್ದಾಳಲ್ಲ, ಅವತ್ತು ಏನಂದೆ ಅಂತ ಕೇಳಿದೆ. "ನೀವೇ ಏನೋ ಒಂದು ಬರ್ಕೊಂಡ್ಬಿಡ್ಬೇಡಿ" ಅನ್ನುತ್ತಾಳೆ. ಬರೆದುಕೊಳ್ಳುವುದಿಲ್ಲ.