ಕಾರ್ಬೊನೆರೊನ ಕೊಂಬು

ಸಗಣಿಯ ವಾಸನೆಯೇ ಇಲ್ಲವಲ್ಲ, ಮಳೆ ನಿಂತ ಮೇಲೆ ಪೈನ್ ಮರದ ಬುಡ ಕೆದಕಿದರೆ ಬರುವ ವಾಸನೆ ಇದು, ಅಂದರೆ ಚಳಿಗಾಲ ತನ್ನ ಕೆಲಸ ಮಾಡಿದೆ, ಅಕ್ಟೋಬರಿನಲ್ಲಿ ಸಗಣಿ ತುಂಬಿ ಹೂತ ಕೊಂಬುಗಳು ಈಸ್ಟರಿಗೆ ಸರಿಯಾಗಿ ಹದಕ್ಕೆ ಬಂದಿವೆ, ನಾನು ಮೊಣಕಾಲೂರಿ ಗುಂಡಿಗೆ ಕೈ ಹಾಕಿ ಒಂದೊಂದೇ ಕಿತ್ತು ಕೊಡುತ್ತೇನೆ, ನೀವೆಸ್ ಒರೆಸಿ, ಮೂಸಿ, ಭೇಷ್ ಎಂದು ಗೋಣಿಯ ಮೇಲೆ ಸಾಲಾಗಿ ಇಡುತ್ತಾಳೆ, ಕೊಂಬಿನ ಗೊಬ್ಬರದ ಪಂಡಿತೆ, ದೂರದಿಂದ ಬಸ್ಸು ಹಿಡಿದು ಬಂದು ನಮ್ಮ ದ್ರಾಕ್ಷಿತೋಟಗಳಿಗೆ ಸಲಹೆ ಕೊಡುವವಳು — ಮತ್ತು ಈಗ ಕೈಗೆ ಬಂದದ್ದು ಬೇರೆಯೇ. ಉದ್ದ, ಭಾರ, ತುದಿ ಕಪ್ಪು. ಬುಡದ ಮೇಲೆ ಹೆಬ್ಬೆರಳಾಡಿಸಿದರೆ ನುಣ್ಣಗೆ ಜಾರುತ್ತದೆ, ಕರು ಹಾಕಿದ ಹಸುವಿನ ಕೊಂಬಾದರೆ ಬುಡದಲ್ಲಿ ಉಂಗುರಗಳಿರುತ್ತವೆ, ಹೆರಿಗೆಗೊಂದು ಉಂಗುರ, ಈ ಗೊಬ್ಬರಕ್ಕೆ ಹೆತ್ತ ಹಸುವಿನ ಕೊಂಬೇ ಆಗಬೇಕು, ಇದು ಯಾವತ್ತೂ ಏನನ್ನೂ ಹೆತ್ತಿದ್ದಲ್ಲ, ಬುಡದ ಅಂಚಿನಲ್ಲಿ ಒಂದು ತೂತು, ಮೊಳೆಯ ತೂತು, ಗೋಡೆಗೆ ಹೊಡೆದಿದ್ದ ಮೊಳೆ, ಅಯ್ಯೋ ನಿಸೇತೊ ಚಿಕ್ಕಪ್ಪ, ಇದೇನು ಮಾಡಿಟ್ಟೆ ಮಾರಾಯ, ಇದು ಕಾರ್ಬೊನೆರೊ.

ತಲೆ ಎತ್ತಬಾರದು, ಎತ್ತಿದರೆ ಅವನ ಕಣ್ಣಿಗೆ ಕಣ್ಣು ಸಿಗುತ್ತದೆ, ಗುಂಡಿಯ ಆಚೆ ಅಂಚಿನಲ್ಲಿ ಅವನ ಬೂಟು ಮಾತ್ರ ಕಾಣಿಸುತ್ತಿದೆ, ಒಳಕ್ಕೆ ತಿರುಗಿದ ಆ ಬಲಗಾಲು, ಪ್ರಾಯದಲ್ಲಿ ಕಾಳಗದ ಗೂಳಿಗಳನ್ನು ಸಾಕುವ ಕೊಟ್ಟಿಗೆಯಲ್ಲಿ ದನ ಕಾಯುತ್ತಿದ್ದಾಗ ಕಾರ್ಬೊನೆರೊ ಎಂಬ ಗೂಳಿ ಹಾಯ್ದ ಕಾಲು, ಅದು ಸತ್ತ ಮೇಲೆ ಯಜಮಾನ ಅದರ ಕೊಂಬುಗಳನ್ನು ಇವನಿಗೇ ಕೊಟ್ಟ, ಕಾರ್ಬೊನೆರೊ ಕಾಲು ತಗೊಂಡ, ಕೊಂಬು ಕೊಟ್ಟ, ನಮ್ಮಿಬ್ಬರ ಲೆಕ್ಕ ಚುಕ್ತಾ, ಎಂದು ಪ್ರತಿ ಚಳಿಗಾಲವೂ ತನ್ನ ನೆಲಮಾಳಿಗೆಯಲ್ಲಿ ಲೋಟ ಎತ್ತಿ ಹೇಳುತ್ತಿದ್ದ, ಪೀಪಾಯಿಗಳ ಮೇಲಿನ ಗೋಡೆಯಲ್ಲಿ ಅವೆರಡೂ ಹೊಳೆಯುತ್ತಿದ್ದವು. ಎಣ್ಣೆ ಹಚ್ಚಿ ತಿಕ್ಕುತ್ತಿದ್ದ, ಹೆಂಡತಿಯ ಫೋಟೋಗೂ ಅಷ್ಟು ಆರೈಕೆ ಇರಲಿಲ್ಲ. ಆ ದನಿಯನ್ನು ಬಾರಿನಲ್ಲಿ ನಾನು ಎಷ್ಟು ಸಲ ತೆಗೆದಿಲ್ಲ, ಸೊಂಟ ಓರೆ ಮಾಡಿ, ಟೋಪಿ ಹಿಂದಕ್ಕೆ ತಳ್ಳಿ, ಕಾಲು ತಗೊಂಡ, ಕೊಂಬು ಕೊಟ್ಟ, ಇಡೀ ಬಾರು ಬಿದ್ದು ಬಿದ್ದು ನಗುತ್ತಿತ್ತು, ಒಂದು ದಿನ ಅವನೇ ಹಿಂದೆ ನಿಂತಿದ್ದ, ಕೊನೆಯವರೆಗೆ ನೋಡಿದ, ಕಾಲು ತಪ್ಪು ಹುಡುಗಿ, ಎಡ ಅಲ್ಲ, ಬಲ, ಎಂದು ಹೇಳಿ ವರ್ಮುತ್ ಕುಡಿದು ಹೋದ, ಆಮೇಲೆ ದ್ರಾಕ್ಷಿ ಕೊಯ್ಲಿನವರೆಗೆ ಮಾತಿಲ್ಲ.

ಚಂದ್ರನ ಗತಿ ನೋಡಿ ಕೃಷಿ ಮಾಡುವ ಈ ಕೊಂಬಿನ ಹುಚ್ಚನ್ನು ನಮ್ಮ ಬೀದಿಗೆ ತಂದವಳು ನಾನೇ, ಅದಕ್ಕೂ ಮೊದಲು ಗಡ್ಡ ಬಿಟ್ಟ ಮ್ಯಾಡ್ರಿಡ್ ಹುಡುಗರು ಬಂದು ಯಾರಿಗೂ ಬೇಡವಾದ ಇಳಿಜಾರುಗಳನ್ನು ಕೊಂಡರು, ಕಳೆನಾಶಕ ಬಿಟ್ಟರು, ಟ್ರ್ಯಾಕ್ಟರ್ ಬಿಟ್ಟು ಹೇಸರಗತ್ತೆ ಕಟ್ಟಿದರು, ಊರು ನಕ್ಕಿತು, ಅವರ ಬಾಟಲಿಗಳು ಟೋಕಿಯೋಗೆ ಓಸ್ಲೋಗೆ ಹೊರಟವು, ಊರು ನಗು ಸ್ವಲ್ಪ ಇಳಿಸಿತು, ನಮ್ಮ ದ್ರಾಕ್ಷಿ ಕೊಳ್ಳುತ್ತಿದ್ದ ಸಹಕಾರಿ ಸಂಘ ಬಾಗಿಲು ಹಾಕಿತು, ಊರು ನಗುವುದನ್ನೇ ನಿಲ್ಲಿಸಿತು. ಚಿಕ್ಕಪ್ಪ ಮಾತ್ರ ಬಿಡಲಿಲ್ಲ. ಏನಮ್ಮಾ ಕಸಿಲ್ದಾ, ಈಗ ಉಚ್ಚೆ ಹೊಯ್ಯೋಕೂ ಚಂದ್ರನ್ನ ಕೇಳ್ತೀಯಂತೆ? — ಅಲ್ಲ ಚಿಕ್ಕಪ್ಪ, ಜನವರಿ ಕೃಷ್ಣಪಕ್ಷ ಬರದೆ ನೀನು ವೈನಿನ ಪೀಪಾಯಿ ಬದಲಾಯಿಸಿದ್ದುಂಟಾ? — ಅದು ಬೇರೆ. ಅದು ಪದ್ಧತಿ. ನಿಂದು ಪುಸ್ತಕ. ಆದರೂ ಅವನ ಇಳಿಜಾರು ನನಗೆ ಬೇಕು, ನನ್ನಜ್ಜ ನೆಟ್ಟ ಗಾರ್ನಾಚಾ ದ್ರಾಕ್ಷಿಯ ಬಳ್ಳಿಗಳು, ಗ್ರಾನೈಟ್ ಮರಳಲ್ಲಿ ಮುದುಕರಂತೆ ಕೂತಿವೆ, ಗೊಂಚಲು ನಾಲ್ಕೇ ಕೊಟ್ಟರೂ ಅವುಗಳ ರಸಕ್ಕೆ ಸಾಟಿಯಿಲ್ಲ, ಅವನ ಕೈಲಿ ಇನ್ನು ದುಡಿಯಲಾಗದು, ಹಣ್ಣೆಲ್ಲ ಎರಡು ವರ್ಷದಿಂದ ಹಕ್ಕಿಪಾಲು, ಬಳ್ಳಿ ಕಿತ್ತರೆ ಸರ್ಕಾರ ಪರಿಹಾರ ಕೊಡುತ್ತದೆ, ಬರುವ ಸೋಮವಾರಕ್ಕೆ ಬುಲ್ಡೋಜರ್ ಗೊತ್ತು ಮಾಡಿದ್ದಾನೆ. ನನಗೆ ಕೊಡು ಚಿಕ್ಕಪ್ಪ, ಎಂದಿದ್ದೆ. ಕೊಂಬು ಅಗೆಯೋ ದಿನ ಹೇಳ್ತೀನಿ. ಅಷ್ಟೇ.

ಅಕ್ಟೋಬರಿನಲ್ಲಿ ಅವನ ಮನೆಯಲ್ಲಿ ಆಲೂಗಡ್ಡೆ ಮುದ್ದೆ ತಿನ್ನುತ್ತಾ ಗೊಣಗಿದ್ದೆ, ಈಗಿನ ಹಸುಗಳಿಗೆಲ್ಲ ಕರುವಿನಲ್ಲೇ ಕೊಂಬು ಸುಟ್ಟುಬಿಡ್ತಾರೆ, ಎಲ್ಲಿಂದ ತರೋದು, ಇನ್ನೂ ಒಂದು ಜೊತೆ ಸಾಲದು, ಅವನು ಪಾಪ್ರಿಕಾ ಮೆತ್ತಿದ ಚಮಚ ನೆಕ್ಕುತ್ತಾ ಹೂಂ ಎಂದ, ಮಾರನೆಯ ದಿನ ಗೋಣಿಚೀಲ ಹೊತ್ತು ನೇರ ಗುಂಡಿಯ ಹತ್ತಿರವೇ ಬಂದ, ಕಟುಕರ ಹತ್ರ ಸಿಕ್ತು, ನಾನೇ ತುಂಬಿದೀನಿ, ನೀನು ಕಾಲೇಜಲ್ಲಿ ಓದಿದ್ದಕ್ಕಿಂತ ಜಾಸ್ತಿ ಸಗಣಿ ನಾನು ತುಳಿದಿದೀನಿ, ಆಚೆ ಸರಿ, ಎಂದು ತಾನೇ ಬಗ್ಗಿದ, ಆ ಕಾಲಿನಲ್ಲಿ, ತಾನೇ ಇಟ್ಟ, ತಾನೇ ಮಣ್ಣು ಎಳೆದ. ಕ್ರಿಸ್‌ಮಸ್ ಹೊತ್ತಿಗೆ ನಾನು ಅವನ ನೆಲಮಾಳಿಗೆಗೆ ಇಳಿದಾಗ ಕಂಡದ್ದು ಆ ಗೋಡೆ. ಕೊಯ್ಲಿಗೆ ಮುಂಚೆ ನಾವೆಲ್ಲ ನೆಲಮಾಳಿಗೆಗೆ ಸುಣ್ಣ ಹೊಡೆಯುತ್ತೇವೆ, ಕೊಯ್ಲೇ ಇಲ್ಲದವನು ಯಾಕೆ ಹೊಡೆಯಲಿ, ಹೊಗೆಯಿಂದ ಕಪ್ಪಾದ ಗೋಡೆ, ಅದರ ನಡುವೆ ಎರಡು ಬಿಳಿ ಗುರುತು, ದುಂಡಗೆ, ಅಕ್ಕಪಕ್ಕ, ಕೊಂಬುಗಳಿದ್ದ ಜಾಗ. ಮುದುಕ ಮನೆ ಖಾಲಿ ಮಾಡುತ್ತಿದ್ದಾನೆ, ಕಾರ್ಬೊನೆರೊನನ್ನೂ ಮಾರಿಬಿಟ್ಟ, ಮುಗಿಯಿತು, ಇನ್ನು ಬಳ್ಳಿಗಳೂ ಹೋದ ಹಾಗೆಯೇ ಎಂದುಕೊಂಡೆ, ಚಳಿಗಾಲ ಪೂರ್ತಿ ಹಾಗೆಯೇ ಎಂದುಕೊಂಡಿದ್ದೆ, ಅದು ಇಲ್ಲೇ ಇತ್ತು, ನನ್ನದೇ ನೆಲದಲ್ಲಿ, ನನ್ನದೇ ಕಾಲ ಕೆಳಗೆ.

ಕಸಿಲ್ದಾ, ಏನಾಯ್ತು, ಕೊಡಿ ಇಲ್ಲಿ, ಎಂದು ನೀವೆಸ್ ಕೈ ಚಾಚಿದ್ದಾಳೆ, ಕೊಡದೆ ಗತಿಯಿಲ್ಲ, ತಿರುಗಿಸಿ ನೋಡಿದಳು, ಮೂಸಿದಳು, ಗೊಬ್ಬರವೇನೋ ಚೆನ್ನಾಗಿದೆ, ಆದರೆ ಇದು ತಾಯಿ ಅಲ್ಲ, ಇದು ಗೂಳಿ, ಯಾರು ಹಾಕಿದ್ದು ಇದನ್ನ? ಗುಂಡಿಯ ಸುತ್ತ ನೋಡಲು ನೆರೆದ ಊರವರಲ್ಲಿ ಬಾರಿನ ಹಸಿಂತೊ ಮೊದಲು ಬಾಯಿ ಬಿಟ್ಟ, ಗೂಳೀನಾ! ಈ ಸಲ ವೈನು ಕುಡಿದೋರು ಗೋಡೆಗೆ ಗುಮ್ತಾರೆ ಬಿಡಿ! ಏ ಕಸಿಲ್ದಾ, ನಮ್ಮೂರಲ್ಲಿ ಗೂಳಿ ಕೊಂಬು ಇರೋದು ಯಾರ ಮನೇಲಿ? ತೆಗಿ, ಆ ದನಿ ತೆಗಿ! ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದಾರೆ. ದನಿ ಗಂಟಲಲ್ಲೇ ಇದೆ, ತಯಾರಾಗಿ, ಕಾಲು ತಗೊಂಡ, ಕೊಂಬು ಕೊಟ್ಟ, ಒಂದು ಸಲ ಸೊಂಟ ಓರೆ ಮಾಡಿದರೆ ಸಾಕು, ಊರು ಮುಂದಿನ ಈಸ್ಟರ್‌ವರೆಗೆ ನಗುತ್ತದೆ, ಸೋಮವಾರ ಬುಲ್ಡೋಜರ್ ಬರುತ್ತದೆ. ತಲೆ ಎತ್ತಿದೆ. ಚಿಕ್ಕಪ್ಪ ಟೋಪಿಯನ್ನು ಕೈಯಲ್ಲಿ ಹಿಡಿದು ನಿಂತಿದ್ದಾನೆ, ಇಗರ್ಜಿಯಲ್ಲಿ ನಿಂತ ಹಾಗೆ. ನಾನೇ, ಎಂದೆ, ನಾನೇ ತಂದಿದ್ದು, ಹಸು ಯಾವುದು ಗೂಳಿ ಯಾವುದು ಅಂತ ಬಗ್ಗಿ ನೋಡಲಿಲ್ಲ. ಸ್ವಂತ ದನಿ, ಎಷ್ಟು ಸಪ್ಪೆ. ನಕ್ಕರು ನೋಡಿ, ಹಸಿಂತೊ ಕೈ ಸೊಂಟಕ್ಕಿಟ್ಟು ಮೂಗು ಮೇಲೆತ್ತಿ ಥೇಟ್ ನನ್ನ ಹಾಗೆ, ಚಂದ್ರ ಈಗ ಸಿಂಹರಾಶಿಯಲ್ಲಿ, ಗೂಳಿ ಈಗ ಹಸುರಾಶಿಯಲ್ಲಿ, ಪರವಾಗಿಲ್ಲವೇ, ಚೆನ್ನಾಗಿಯೇ ಮಾಡುತ್ತಾನೆ ಕಳ್ಳ, ನೀವೆಸ್ ಕೂಡ ನಕ್ಕು ಆ ಕೊಂಬನ್ನು ಬೇರೆ ಇಟ್ಟಳು, ಇದರ ಜೊತೆದೂ ಇರತ್ತೆ, ಹುಡುಕಿ.

ಹುಡುಕುತ್ತಿದ್ದೇನೆ, ಕೈ ಮಣ್ಣಿನಲ್ಲಿದೆ, ಬೂಟು ಹತ್ತಿರ ಬಂತು, ಬಲಗಾಲು. ಕಸಿಲ್ದಾ. ಹೇಳು ಚಿಕ್ಕಪ್ಪ. ಸೋಮವಾರ ಬಾ ಮನೆ ಕಡೆ. ಬರುವಾಗ ಸುಣ್ಣ ತಾ, ಮಾಳಿಗೆ ನೋಡಕ್ಕಾಗಲ್ಲ. ಹಸಿಂತೊ ನಗು ನಿಲ್ಲಿಸಿ, ಸೋಮವಾರ ಬುಲ್ಡೋಜರ್ ಅಲ್ವಾ ನಿಸೇತೊ? ಬುಲ್ಡೋಜರಿಗೆ ಬೇರೆ ಊರಿಲ್ವೇನೋ, ಎಂದು ಚಿಕ್ಕಪ್ಪ ಟೋಪಿ ಹಾಕಿಕೊಂಡ. ಸುಣ್ಣ ಎಂದನೇ, ಸುಣ್ಣವೇ ಎಂದ, ಅಂದರೆ ಕೊಯ್ಲು, ಅಂದರೆ ಬಳ್ಳಿ ನಿಲ್ಲುತ್ತವೆ, ಬಕೆಟ್ಟು ಬೇಕು, ಉದ್ದ ಕೋಲಿನ ಬ್ರಷ್ಷು ಬೇಕು, ಸುಣ್ಣ ಹಿಂದಿನ ದಿನವೇ ನೆನೆಹಾಕಬೇಕು, ಬಾಗಿಲಿನಿಂದ ಶುರು ಮಾಡಿ ಪೀಪಾಯಿಗಳ ಹಿಂದೆ, ಮೇಲೆ, ಕಪ್ಪೆಲ್ಲ ಹೋಗಲಿ, ಎಲ್ಲ ಕಡೆ ಬಿಳಿ, ಆಮೇಲೆ ಆ ಗೋಡೆ, ಆ ಎರಡು ಗುರುತು, ಸುತ್ತ ಎಲ್ಲ ಬಿಳಿಯಾದ ಮೇಲೆ ಅವೇ ಕಾಣಿಸುವುದಿಲ್ಲವಲ್ಲ, ಬ್ರಷ್ಷು ಅಲ್ಲಿಗೆ ಬಂದು ನಿಲ್ಲುತ್ತದೆ, ದುಂಡಗೆ, ಅಕ್ಕಪಕ್ಕ, ಎರಡು ಬಿಳಿ ಗುರುತು, ಆ ಒಂದು ಗೋಡೆ ಮಾತ್ರ ಕಪ್ಪಾಗಿಯೇ ಇರಲಿ.