ಗೋಡೆಯಿಂದ ಇಳಿದ ಮೊಂತೇರೊ ಸಿಂಹ

ನಾನು ಒಂದು ಮರದ ಫಲಕ. ಮೈ ಕೆಂಪು, ಎದೆಯ ಮೇಲೆ ಹಿಂಗಾಲಿನಲ್ಲಿ ನಿಂತ ಬಂಗಾರದ ಬಣ್ಣದ ಸಿಂಹ. ಹುಟ್ಟಿದ್ದು ಲಿಸ್ಬನ್ ನಗರದ ಒಂದು ಗಲ್ಲಿಯಲ್ಲಿ. ಅಲ್ಲಿನ ಅಂಗಡಿಯವನು ಯುರೋಪಿನ ಯಾವ ಮನೆತನದ ಹೆಸರು ಹೇಳಿದರೂ ‘ನಿಮ್ಮ ವಂಶದ ಲಾಂಛನ ಇದೇ’ ಎಂದು ಒಂದು ಫಲಕ ಕೊಡುತ್ತಿದ್ದ. ಸಿಂಹದ ಅಡಿಯಲ್ಲಿ ಮನೆತನದ ಹೆಸರು, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಆ ಹೆಸರಿನ ಮಹನೀಯರು: ಒಬ್ಬ ಸರದಾರ, ಒಬ್ಬ ಹಡಗಿನ ಕಪ್ತಾನ, ಒಬ್ಬ ಬಿಷಪ್. ಮನೆತನ ಯಾವುದಾದರೂ ಮಹನೀಯರು ಮಾತ್ರ ಇದೇ ಮೂವರು.

ನನ್ನ ಮೇಲೆ ಮೊದಲು ಬರೆದದ್ದು ಪಿಮೆಂಟೆಲ್ ಎಂದು. ಬರೆಸಿದ ಪುಣ್ಯಾತ್ಮ ಮರಳಿ ಬರಲೇ ಇಲ್ಲ. ಆಗ ಬಂದವರು ಮಂಗಳೂರಿನ ಜೆಪ್ಪುವಿನಲ್ಲಿ ಬೇಕರಿ ಇಟ್ಟಿದ್ದ ಹಿಲಾರಿ ಮೊಂತೇರೊ. ಚರ್ಚಿನವರ ಜೊತೆ ಪೋರ್ಚುಗಲ್‌ನ ಫಾತಿಮಾ ಮಾತೆಯ ಯಾತ್ರೆಗೆ ಹೋಗಿದ್ದ ಅವರು ದಾರಿಯಲ್ಲಿ ನನ್ನ ಸಿಂಹಕ್ಕೆ ಮರುಳಾದರು. ಅಂಗಡಿಯವನು ಅವರ ಕಣ್ಣೆದುರೇ ಬಟ್ಟೆಯಿಂದ ಪಿಮೆಂಟೆಲನ್ನು ಅರೆಬರೆ ಒರೆಸಿ, ಅದರ ಮೇಲೆಯೇ ಮೊಂತೇರೊ ಎಂದು ಬರೆದ. “ಬೆಟ್ಟದಲ್ಲಿ ಬೇಟೆಯಾಡುವವರು ಅಂತ ಅರ್ಥ. ರಾಜನ ಬೇಟೆಗಾರರು ನೀವು,” ಎಂದ. ಹಿಲಾರಿ ಒರೆಸಿದ್ದನ್ನು ಅಲ್ಲಿಯೇ ಮರೆತು, ರಾಜನನ್ನು ಮಾತ್ರ ಊರಿಗೆ ತಂದರು.

ನನಗೆ ಸಿಕ್ಕಿದ್ದು ಜಗಲಿಯ ನಡುಗೋಡೆ. ಹಾಲಿನವರು, ಗ್ಯಾಸಿನವರು, ಮತ ಕೇಳಲು ಬಂದವರು, ಯಾರೂ ನನ್ನ ಕಥೆ ಕೇಳದೆ ಮೆಟ್ಟಿಲಿಳಿಯುವಂತಿರಲಿಲ್ಲ. “ಲೋಕದಲ್ಲಿರುವ ಮೊಂತೇರೊಗಳೆಲ್ಲ ಈ ಒಬ್ಬ ಸರದಾರನ ಮಕ್ಕಳು,” ಎಂದು ಹಿಲಾರಿ ಎದೆಯುಬ್ಬಿಸುತ್ತಿದ್ದರು. ಅವರ ತಾಯಿ ಕಾರ್ಮಿನಾ ಬಾಯಿ ಮೂಲೆಯಲ್ಲಿ ಕುಳಿತು ಜಪಸರ ಎಣಿಸುತ್ತಾ ನನ್ನನ್ನು ಓರೆಗಣ್ಣಿನಿಂದ ನೋಡುತ್ತಿದ್ದರು. ಆ ಮುದುಕಿಯ ನೋಟಕ್ಕೆ ನನ್ನ ಸಿಂಹವೂ ಹೆದರುತ್ತಿತ್ತು.

ಹಿಲಾರಿಯ ಒಬ್ಬಳೇ ಮಗಳು ಶರಲ್. ಅವಳು ಮೆಚ್ಚಿದ ಹುಡುಗ ಬಂಟ್ವಾಳದ ಗ್ಲಾಡ್ವಿನ್. ಅವನೂ ಮೊಂತೇರೊ. ಮಂಗಳೂರಿನ ಕ್ರಿಸ್ತುವರಲ್ಲಿ ಇದೊಂದು ಸಂಗತಿಯೇ ಅಲ್ಲ; ಹೆಸರು ಒಂದಾದರೂ ಕುಟುಂಬ ಬೇರೆ. ಮಾತುಕತೆ ಮುಗಿಸಲು ಹುಡುಗನ ತಂದೆ ಲಿಗೋರಿ ಮೊಂತೇರೊ ಒಂದು ಭಾನುವಾರ ಚರ್ಚಿನ ಪೂಜೆ ಮುಗಿಸಿ ಮಗನೊಂದಿಗೆ ಬಂದರು. ಕೇಕ್ ಆಯಿತು, ದ್ರಾಕ್ಷಾರಸ ಆಯಿತು, ಮದುವೆಯ ತಿಂಗಳೂ ಗೊತ್ತಾಯಿತು. ಅಷ್ಟಕ್ಕೆ ಬಿಟ್ಟಿದ್ದರೆ ಎಲ್ಲ ಸುಸೂತ್ರ. ಆದರೆ ಹಿಲಾರಿಯ ನಾಲಿಗೆ ತುರಿಸಿತು. ಬೀಗರನ್ನು ಕೈಹಿಡಿದು ನನ್ನ ಮುಂದೆ ತಂದು ನಿಲ್ಲಿಸಿದರು.

“ನೋಡಿ, ನೀವು ನಾವು ಬೇರೆ ಅಲ್ಲ. ಒಂದೇ ಸರದಾರ, ಒಂದೇ ರಕ್ತ!”

ಲಿಗೋರಿ ದೈವಭೀರು ಮನುಷ್ಯ, ಅಚ್ಚಾದದ್ದನ್ನೆಲ್ಲ ನಂಬುವವರು. ಕನ್ನಡಕ ಏರಿಸಿ ನನ್ನನ್ನು ಮೂರು ಸಲ ಓದಿದರು. ಗ್ಲಾಸು ಕೆಳಗಿಟ್ಟರು.

“ಒಂದೇ ರಕ್ತವಾದ್ರೆ ಮದುವೆ ಎಂತದು ಮಾರಾಯ್ರೆ? ನಿಮ್ಮ ಮಗಳು ನನ್ನ ಮಗನಿಗೆ ತಂಗಿ ಆಗ್ಬೇಕಲ್ಲ?”

ಶರಲಳ ಮುಖ ಬಿಳಿಚಿಕೊಂಡಿತು. ಗ್ಲಾಡ್ವಿನ್ ಬಾಯಲ್ಲಿದ್ದ ಕೇಕ್ ಅಲ್ಲೇ ನಿಂತಿತು. ನನಗೆ ಗೋಡೆಯೊಳಗೆ ಇಳಿದುಹೋದರೆ ಸಾಕೆನಿಸಿತು.

ಮೂಲೆಯಿಂದ ಕಾರ್ಮಿನಾ ಬಾಯಿ ಸಿಡಿದರು. “ಬೇಟೆಗಾರರಂತೆ! ಇವನ ಪಪ್ಪ ಒಂದು ಕೋಳಿ ಕೊಯ್ಲಿಕ್ಕೂ ಪಕ್ಕದ ಮನೆಯವರನ್ನು ಕರೀತಿದ್ರು. ಗೋವೆಯಲ್ಲಿ ನಮ್ಮ ಹಿರಿಯರಿಗೆ ಜ್ಞಾನಸ್ನಾನ ಕೊಟ್ಟು ಕ್ರಿಸ್ತುವರಾಗಿ ಮಾಡಿದ ಪಾದ್ರಿಯ ಹೆಸರು ಮೊಂತೇರೊ. ಆವತ್ತು ಸಾಲಲ್ಲಿ ನಿಂತವರಿಗೆಲ್ಲ ಅದೇ ಹೆಸರು ಸಿಕ್ಕಿತು ಅಂತ ನನ್ನ ಅತ್ತೆ ಹೇಳ್ತಿದ್ರು. ಅದಕ್ಕೆ ರಕ್ತ ಎಂತದು, ಮಣ್ಣು ಎಂತದು?”

ಲಿಗೋರಿ ತಲೆ ಕೆರೆದುಕೊಂಡರು. “ಬಾಯಿ, ನಮ್ಮ ಅಜ್ಜಿಯೂ ಹಾಗೇ ಹೇಳ್ತಿದ್ರು. ಆದ್ರೆ ಇದು ಪೋರ್ಚುಗಲ್‌ನಿಂದಲೇ ಬಂದದ್ದಲ್ಲ? ಹಿಲಾರಿಯವ್ರೇ, ನಿಮ್ಮ ಹೆತ್ತ ಮಾಯ್ ಹೇಳುದು ಸತ್ಯವಾ, ಗೋಡೆ ಹೇಳುದು ಸತ್ಯವಾ? ನೀವೇ ಹೇಳಿ.”

ಹಿಲಾರಿ ನನ್ನನ್ನು ನೋಡಿದರು. ಇಷ್ಟು ವರ್ಷ ಊರಿಗೆಲ್ಲ ಬೇಟೆಗಾರರಾಗಿ ಮೆರೆದ ಮನುಷ್ಯ. ಆಮೇಲೆ ಮಗಳನ್ನು ನೋಡಿದರು. ಅವಳು ಕಣ್ಣು ತುಂಬಿಕೊಂಡು ನಿಂತಿದ್ದಳು.

“ಇದರಲ್ಲಿ ಮೊದಲು ಪಿಮೆಂಟೆಲ್ ಅಂತ ಇತ್ತು,” ಎಂದರು ಮೆಲ್ಲನೆ. “ನನ್ನ ಎದುರೇ ಒರೆಸಿ ಬರೆದ. ನೋಡಿ.” ಉಗುರಿನಿಂದ ಮೊಂತೇರೊದ ಮೊದಲಕ್ಷರ ಕೆರೆದರು. ಅಡಿಯಿಂದ ಪಿಮೆಂಟೆಲನ ತಲೆ ಇಣುಕಿತು. ಲಿಗೋರಿ ಮೊದಲು ಬಾಯಿ ತೆರೆದರು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಹಿಲಾರಿ ತಮ್ಮ ಕೈಯಿಂದಲೇ ನನ್ನನ್ನು ಮೊಳೆಯಿಂದ ಬಿಡಿಸಿದರು.

ಮದುವೆ ಆಯಿತು. ಮನೆತನದ ಹೆಸರು ಬದಲಿಸುವ ತಾಪತ್ರಯವೂ ಶರಲಳಿಗೆ ಬರಲಿಲ್ಲ. ನಾನೀಗ ಅಡಿಗೆಮನೆಯಲ್ಲಿ ‘ಸಣ್ಣ’ ಎಂಬ ಇಡ್ಲಿಯಂಥ ತಿಂಡಿಯ ಹಿಟ್ಟಿನ ಪಾತ್ರೆಯ ಮುಚ್ಚಳ. ಹಿಟ್ಟು ಹುಳಿ ಬಂದು ಉಬ್ಬಿದಾಗ ಕೆಳಗಿನಿಂದ ತಳ್ಳುತ್ತದೆ, ನಾನು ಸಿಂಹದ ಬಲ ಪ್ರಯೋಗಿಸಿ ತಡೆಯುತ್ತೇನೆ. ಕಾರ್ಮಿನಾ ಬಾಯಿ ನನ್ನ ಮೇಲೆಯೇ ಸೌಟು ಇಡುತ್ತಾರೆ. ಈಗ ನಮ್ಮಿಬ್ಬರಲ್ಲಿ ಜಗಳವಿಲ್ಲ. ಯೋಚಿಸಿದರೆ ನಾನೂ ಈ ಮನೆಯವರೂ ಒಂದೇ ಜಾತಿ. ನಾಮಕರಣದ ದಿನ ಎದುರಿಗಿದ್ದವರು ಇಟ್ಟ ಹೆಸರನ್ನು ಹೊತ್ತು ಬದುಕಿದವರು.

ಕೆಲವೊಮ್ಮೆ ಹಿಲಾರಿ ನೀರು ಕುಡಿಯುವ ನೆಪದಲ್ಲಿ ಒಳಗೆ ಬರುತ್ತಾರೆ. ತಾಯಿ ಇಲ್ಲವೆಂದು ಖಚಿತ ಮಾಡಿಕೊಂಡು, ಹೆಗಲ ಬೈರಾಸಿನಿಂದ ಸಿಂಹದ ಮೂತಿಗೆ ಮೆತ್ತಿದ ಹಿಟ್ಟನ್ನು ಒರೆಸಿ ಹೋಗುತ್ತಾರೆ.