ಹನ್ನೊಂದನೇ ನಂಬರಿನ ಎರಡು ಜೆರ್ಸಿ

ಆಟದಲ್ಲಿ ತೊಟ್ಟ ಜೆರ್ಸಿಯನ್ನು ಒಗೆಯಬಾರದು. ಬ್ಯಾಸ್ಕೆಟ್‌ಬಾಲ್ ಜೆರ್ಸಿ ಕೂಡಿಡುವ ನಮ್ಮಂಥವರಿಗೆ ಇದು ಮೊದಲ ಪಾಠ. ಬೆವರಿನ ಉಪ್ಪು, ಅಂಕಣದ ಪಾಲಿಶ್, ಎದುರಾಳಿಯ ಉಗುರಿಗೆ ಸಿಕ್ಕಿ ಎದ್ದ ದಾರ, ಎಲ್ಲವೂ ಹಾಗೇ ಇರಬೇಕು.

"ಊರಿಗೆಲ್ಲ ಕನ್ನಡಕ ಮಾಡಿಕೊಡ್ತೀರಿ, ಮನೇಲಿರೋ ಕೊಳೆ ಮಾತ್ರ ನಿಮಗೆ ಕಾಣಲ್ಲ" ಎನ್ನುತ್ತಾಳೆ ನನ್ನ ಹೆಂಡತಿ. ಕಾಣುತ್ತದೆ, ಅದಕ್ಕೇ ಗಾಜು ಹಾಕಿಸಿ ಇಟ್ಟಿದ್ದೇನೆ. ಅವಳಿಗೆ ಬಿಡಿಸಿ ಹೇಳುವ ಗೋಜಿಗೆ ಹೋಗಿಲ್ಲ.

ಆವತ್ತು ಅಂಗಡಿಗೆ ಬಂದ ಹುಡುಗಿಗೆ ಕನ್ನಡಕ ಬೇಕಿರಲಿಲ್ಲ. ಚೀಲದಿಂದ ಒಂದು ಜೆರ್ಸಿ ತೆಗೆದು ಮೇಜಿನ ಮೇಲೆ ಹರಡಿದಳು. ಹನ್ನೊಂದನೇ ನಂಬರ್.

"ನಮ್ಮಪ್ಪಂದು ಸರ್. ಕೊನೇ ಆಟದಲ್ಲಿ ಹಾಕ್ಕೊಂಡಿದ್ದು."

ಅವಳಪ್ಪನನ್ನು ಆಟ ನೋಡಲು ಹೋಗುತ್ತಿದ್ದ ನಾವೆಲ್ಲ ಜಿಗಣೆ ಎನ್ನುತ್ತಿದ್ದೆವು. ಎದುರಾಳಿಗೆ ಅಂಟಿಕೊಂಡನೆಂದರೆ ಬಿಡುವ ಮಾತೇ ಇರಲಿಲ್ಲ. ಆ ದಿನ ಮೊದಲಾರ್ಧ ಮುಗಿಯುವ ಮುಂಚೆ ಅಂಕಣದಲ್ಲೇ ಕುಸಿದವನು ಮತ್ತೆ ಏಳಲಿಲ್ಲ. ಈ ಹುಡುಗಿ ಆಗ ಕೈಗೂಸು.

"ಅಮ್ಮಂಗೆ ಹುಷಾರಿಲ್ಲ. ಡಾಕ್ಟ್ರು ಕೈಚೆಲ್ಲಿದಾರೆ. ಇದು ಅಪ್ಪ ಹಾಕ್ಕೊಂಡಿದ್ದೇ ಅಲ್ಲ ಅಂತ ಯಾರೋ ಹೇಳಿದ್ರು. ಅಮ್ಮ ಹೋಗೋಕ್ ಮುಂಚೆ ನಿಜವಾದ್ದು ಅವರ ಕೈಗೆ ಸಿಗಬೇಕು. ಇಂಥಾದ್ದು ನೀವು ಗುರುತು ಹಿಡೀತೀರಂತೆ, ನೋಡಿ ಹೇಳಿ ಸರ್."

ಜೆರ್ಸಿಯನ್ನು ಎತ್ತಿದೆ. ಸೋಪಿನ ವಾಸನೆ.

"ಒಗೆದಿದೀರಾ?" ಎಂದೆ, ತುಸು ಸಿಡುಕಿನಿಂದಲೇ.

"ಅಮ್ಮ ಆಗಾಗ ಒಗೆದು ದಿಂಬಿನ ಪಕ್ಕ ಇಟ್ಕೋತಿದ್ರು."

ಕಪಾಟಿನಿಂದ ಆ ಆಟದ ಫೋಟೋ ತೆಗೆದು ಮಸೂರ ಹಿಡಿದೆ. ಈ ಬಟ್ಟೆಯ ತುಂಬ ಸಣ್ಣ ಸಣ್ಣ ತೂತುಗಳಿರುತ್ತವೆ. ನಂಬರಿನ ಅಂಚು ಯಾವ ತೂತನ್ನು ಎಲ್ಲಿ ಮುಚ್ಚುತ್ತದೆ ಎನ್ನುವುದು ಒಂದೊಂದು ಜೆರ್ಸಿಯಲ್ಲೂ ಬೇರೆ. ಇದು ಫೋಟೋಕ್ಕೆ ಹೊಂದಲಿಲ್ಲ. ಆ ತಂಡದಲ್ಲಿ ಆಟಕ್ಕೆ ಒಬ್ಬೊಬ್ಬರಿಗೂ ಎರಡು ಜೆರ್ಸಿ ಕೊಡುತ್ತಿದ್ದರು. ಇದು ಮೈಮೇಲೆ ಏರದೆ ಉಳಿದ ಎರಡನೆಯದು.

"ಅವರು ಹಾಕ್ಕೊಂಡಿದ್ದು ಇದಲ್ಲಮ್ಮ."

ಅವಳ ಮುಖ ಸಪ್ಪಗಾಯಿತು. "ಹಾಗಾದ್ರೆ ಅದು ಎಲ್ಲಿದೆ?"

ನಾನು ಬಾಯಿ ಮುಚ್ಚಿಕೊಂಡಿರಬಹುದಿತ್ತು. ತಂಡದ ಬಟ್ಟೆಬರೆ ನೋಡಿಕೊಳ್ಳುತ್ತಿದ್ದವನ ಬೆನ್ನು ಹತ್ತಿ, ಕಾಡಿ ಬೇಡಿ ತಂದದ್ದು ಅದು. ನನ್ನಲ್ಲಿರುವ ಅಷ್ಟೂ ಜೆರ್ಸಿ ಒಂದು ತೂಕ, ಅದೊಂದೇ ಒಂದು ತೂಕ. ಆ ಕ್ಷಣ ಆ ಹುಡುಗಿಯ ಮೇಲೆ ನನಗೆ ಸಿಟ್ಟೇ ಬಂತು. ಆದರೆ ಅವಳಮ್ಮನ ದಿಂಬಿನ ಪಕ್ಕದ್ದನ್ನು ಸುಳ್ಳೆಂದು ಹೇಳಿದ ಬಾಯಿಂದ ನಿಜ ಎಲ್ಲಿದೆಯೋ ಗೊತ್ತಿಲ್ಲ ಎನ್ನಲು ನಾಲಿಗೆ ಹೊರಳಲಿಲ್ಲ.

"ನನ್ನ ಹತ್ರ ಇದೆ" ಎಂದೆ. ಅಂಗಡಿ ಮುಚ್ಚಿ, ಮನೆಗೆ ಹೋಗಿ, ಗೋಡೆಯಿಂದ ಚೌಕಟ್ಟು ಇಳಿಸಿ ಜೆರ್ಸಿ ಹೊರತೆಗೆದೆ. ಹೆಂಡತಿ ಏನೂ ಕೇಳದೆ ಒಗೆದ ಬಿಳಿ ಬಟ್ಟೆಯೊಂದನ್ನು ಸುತ್ತಲು ಕೊಟ್ಟಳು.

ಹುಡುಗಿಯ ಮನೆಯಲ್ಲಿ ತಾಯಿಯ ಮಂಚ ಕಿಟಕಿಯ ಪಕ್ಕಕ್ಕಿತ್ತು. ಮೂಳೆ ಚಕ್ಕಳವಾಗಿದ್ದರೂ ಕಣ್ಣು ಚುರುಕಾಗಿದ್ದವು. ಮಗಳು ನನ್ನ ಜೆರ್ಸಿಯನ್ನು ಅವಳ ಮಡಿಲಲ್ಲಿ ಇಟ್ಟಳು.

"ಅಮ್ಮಾ, ಅಪ್ಪ ಹಾಕ್ಕೊಂಡಿದ್ದು ಇದು. ನಿನ್ನ ಹತ್ರ ಇದ್ದಿದ್ದು ಬೇರೆ."

ತಾಯಿ ಅದನ್ನು ಮುಟ್ಟಲಿಲ್ಲ.

"ಗೊತ್ತು. ಅವತ್ತು ಎರಡನ್ನೂ ತಂದು ನನ್ನ ಮುಂದೆ ಇಟ್ಟಿದ್ರು. ನಾನೇ ಆರಿಸ್ಕೊಂಡೆ."

"ಯಾಕಮ್ಮಾ?"

"ಇದ್ರಲ್ಲಿ ಅವರು ಹೋಗ್ಬಿಟ್ರು." ಅವಳು ಉಸಿರು ಎಳೆದುಕೊಂಡಳು. ಆಮೇಲೆ ಮಗಳ ಚೀಲದತ್ತ ಕೈ ಚಾಚಿದಳು. "ಅದನ್ನ ಕೊಡು ಇಲ್ಲಿ. ಹಾಫ್‌ಟೈಮ್ ಆದ್ಮೇಲೆ ಹಾಕ್ಕೊಳ್ಳೋಕೆ ಅಂತ ಇಟ್ಟಿದ್ದು. ಅದ್ರಲ್ಲಿ ಅವರು ಇನ್ನೂ ಆಡ್ಬೇಕು."